ರಾಸ್‌ಬೆರಿ ಪೈ ಕಿಟ್ ಕೊಳ್ಳುವ ಮುನ್ನ: ಬೋರ್ಡ್, ಅಡಾಪ್ಟರ್, ಕಾರ್ಡ್, ಸೆನ್ಸರ್ ಆರಿಸುವ ಸಮಗ್ರ ಮಾರ್ಗದರ್ಶಿ

"ಬೋರ್ಡ್ ಆನ್ ಆಗ್ತಿಲ್ಲ, ಸುಟ್ಟು ಹೋಗಿದೆ ಅನ್ಸುತ್ತೆ." ರಾಸ್‌ಬೆರಿ ಪೈ, ಅಂದರೆ ಒಂದೇ ಸಣ್ಣ ಬೋರ್ಡಿನ ಮೇಲಿರುವ ಕಂಪ್ಯೂಟರ್, ಕೊಂಡು ಹೀಗೆ ಹೇಳುತ್ತಾ ಸ್ನೇಹಿತರು, ಅವರ ಮಕ್ಕಳು, ಓದುಗರು ಮತ್ತೆ ಮತ್ತೆ ಬರುತ್ತಾರೆ. ತೆಗೆದು ನೋಡಿದರೆ ಬಹುತೇಕ ಸಲ ಬೋರ್ಡ್ ಚೆನ್ನಾಗಿಯೇ ಇರುತ್ತದೆ. ಕೈಕೊಟ್ಟಿರುವುದು ಫೋನಿನ ಚಾರ್ಜರ್, ನಕಲಿ ಮೆಮೊರಿ ಕಾರ್ಡ್, ಇಲ್ಲವೇ ಹೊಂದದ ಕೇಬಲ್.

ಕಾರಣ ಸರಳ. ಎಲ್ಲರೂ ಮೊದಲು ಬೋರ್ಡ್ ಆರಿಸುತ್ತಾರೆ. ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. ಉಳಿದದ್ದನ್ನು ಮನೆಯಲ್ಲಿ ಬಿದ್ದಿರುವ ಸಾಮಾನಿನಲ್ಲಿ ಹೇಗೋ ಹೊಂದಿಸುತ್ತಾರೆ. ಈ ಕ್ರಮ ಬದಲಾಗಬೇಕು. ಮೊದಲು ಕೆಲಸ, ಆಮೇಲೆ ಬೋರ್ಡ್, ಕೂಡಲೇ ಅದರ ಅಡಾಪ್ಟರ್ ಮತ್ತು ಕಾರ್ಡ್. ಸೆನ್ಸರ್, ಕ್ಯಾಮೆರಾ, ಚಂದದ ಕೇಸ್ ಎಲ್ಲ ಕೊನೆಗೆ. ನಮ್ಮಲ್ಲಿ ಹೆಚ್ಚು ಸಿಗುವುದು ರಾಸ್‌ಬೆರಿ ಪೈ. ಆದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಬರೆದಿದ್ದೇನೆ. ಬೇರೆ ಬೋರ್ಡ್ ಕೊಳ್ಳುವವರಿಗೂ ಕ್ರಮ ಇದೇ.

ಮೊದಲೇ ಕೈಯಲ್ಲಿರಬೇಕಾದ ಸಾಮಾನು

ಬೋರ್ಡ್ ಬರುವ ಮುಂಚೆಯೇ ಇವು ಮನೆಯಲ್ಲಿರಲಿ:

- ಮೆಮೊರಿ ಕಾರ್ಡ್ ರೀಡರ್, ಅದನ್ನು ಹಾಕಲು ಒಂದು ಲ್ಯಾಪ್‌ಟಾಪ್
- ಯುಎಸ್‌ಬಿ ಕೀಬೋರ್ಡ್ ಮತ್ತು ಮೌಸ್, ವೈರ್ ಇರುವಂಥವು
- ಎಚ್‌ಡಿಎಂಐ ಇರುವ ಮಾನಿಟರ್ ಅಥವಾ ಟಿವಿ
- ಸಾಧಾರಣ ಡಿಜಿಟಲ್ ಮಲ್ಟಿಮೀಟರ್
- ಸಣ್ಣ ಸ್ಟಾರ್ ಸ್ಕ್ರೂಡ್ರೈವರ್

ಮಲ್ಟಿಮೀಟರ್ ಇಲ್ಲದೆ ಸೆನ್ಸರ್ ಕೆಲಸಕ್ಕೆ ಇಳಿಯಬೇಡಿ. ಯಾವ ವೈರಿನಲ್ಲಿ ಎಷ್ಟು ವೋಲ್ಟ್ ಇದೆ ಅಂತ ಅಳೆಯದೆ ಚುಚ್ಚಿದ್ದರಿಂದಲೇ ಬೋರ್ಡ್‌ಗಳು ನಿಜವಾಗಿ ಸಾಯುತ್ತವೆ. ಸೋಲ್ಡರಿಂಗ್ ಐರನ್ ಈಗಲೇ ಬೇಕಿಲ್ಲ. ಅದು ಬೇಕಾಗುವ ಸಂದರ್ಭ ಮುಂದೆ ಹೇಳುತ್ತೇನೆ.

ಹಂತ 1: ಕೆಲಸವನ್ನು ಒಂದೇ ಸಾಲಿನಲ್ಲಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. "ಕಲಿಯೋದಕ್ಕೆ" ಅಂತ ಬರೆದರೆ ಸಾಲದು. "ಟೆರೇಸಿನ ಟ್ಯಾಂಕ್ ತುಂಬಿದರೆ ಫೋನಿಗೆ ಮೆಸೇಜ್ ಬರಬೇಕು." "ಎಂಟನೇ ಕ್ಲಾಸಿನ ಮಗಳು ಪೈಥಾನ್ ಕಲಿಯಬೇಕು." "ಮನೆಯ ಫೋಟೋಗಳೆಲ್ಲ ಒಂದೇ ಡಿಸ್ಕಿನಲ್ಲಿ ಇರಬೇಕು." ಹೀಗೆ ಬಿಡಿಸಿ ಬರೆಯಿರಿ.

ಆ ಸಾಲಿನ ಕೆಳಗೆ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ. ಪರದೆ ಬೇಕಾ? ದಿನವಿಡೀ ಆನ್ ಇರಬೇಕಾ? ವೈಫೈ ಸಿಗುವ ಜಾಗವಾ? ಇದಕ್ಕೆ ಏನೇನು ಜೋಡಿಸುತ್ತೀರಿ?

ಈಗ ಒಂದು ಮುಖ್ಯ ನಿರ್ಧಾರ. ನಿಮಗೆ ಬೇಕಿರುವುದು ಕಂಪ್ಯೂಟರಾ, ಮೈಕ್ರೋಕಂಟ್ರೋಲರಾ (ಬರೆದು ತುಂಬಿದ ಒಂದೇ ಪ್ರೋಗ್ರಾಂ ನಡೆಸುವ ಸಣ್ಣ ಚಿಪ್)? ಟ್ಯಾಂಕ್ ನೋಡುವುದು, ಗಿಡಕ್ಕೆ ನೀರು ಬಿಡುವುದು, ಎಲ್‌ಇಡಿ ಮಿಣುಕಿಸುವುದು, ಇಂಥ ಒಂದೇ ಕೆಲಸಕ್ಕೆ ಲಿನಕ್ಸ್ ಕಂಪ್ಯೂಟರ್ ಬೇಡವೇ ಬೇಡ. ಪಿಕೋ ಡಬ್ಲ್ಯೂ ಅಥವಾ ಇಎಸ್‌ಪಿ32 ಅನ್ನುವ ಮೈಕ್ರೋಕಂಟ್ರೋಲರ್ ಬೋರ್ಡ್ ಸಾಕು. ಕರೆಂಟ್ ಕೊಟ್ಟ ತಕ್ಷಣ ಶುರುವಾಗುತ್ತವೆ. ಥಟ್ಟನೆ ಕರೆಂಟ್ ಹೋದರೂ ಕೆಡಲು ಮೆಮೊರಿ ಕಾರ್ಡೇ ಇಲ್ಲ. ಜೊತೆಗೆ ಏರಿಳಿಯುವ ವೋಲ್ಟೇಜ್ ಅಳೆಯುವ ಅನಲಾಗ್ ಪಿನ್‌ಗಳೂ ಇವೆ. ರಾಸ್‌ಬೆರಿ ಪೈ ಕಂಪ್ಯೂಟರಿನಲ್ಲಿ ಆ ಪಿನ್ ಇಲ್ಲ.

ತದ್ವಿರುದ್ಧ ತಪ್ಪೂ ಆಗುತ್ತದೆ. ಹೆಸರಿನಲ್ಲಿ "ರಾಸ್‌ಬೆರಿ ಪೈ" ಇದೆ, ಬೆಲೆಯೂ ಕಡಿಮೆ ಅಂತ ಪಿಕೋ ತಂದು, ಮಾನಿಟರ್ ಎಲ್ಲಿ ಚುಚ್ಚಬೇಕು ಅಂತ ಹುಡುಕುವವರಿದ್ದಾರೆ. 2021ರಲ್ಲಿ ಬಂದ ಮೊದಲ ಪಿಕೋದ ಮೆಮೊರಿ ಬರೀ 264 ಕೆಬಿ. 2024ರ ಪಿಕೋ 2ರಲ್ಲಿ 520 ಕೆಬಿ. ಅದರಲ್ಲಿ ಬ್ರೌಸರ್ ತೆರೆಯುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಬರೆದು ಅದಕ್ಕೆ ತುಂಬಬೇಕು, ಅಷ್ಟೇ.

ಹಂತ 2: ಬೋರ್ಡ್ ಆರಿಸಿ

ಮೇಲಿನ ಹಾಳೆ ಮುಂದಿಟ್ಟುಕೊಂಡರೆ ಆಯ್ಕೆ ಬೇಗ ಮುಗಿಯುತ್ತದೆ.

ಝೀರೋ 2 ಡಬ್ಲ್ಯೂ: 512 ಎಂಬಿ ಮೆಮೊರಿ. ಮನೆಯ ಜಾಹೀರಾತು ತಡೆಯುವ ಪೈ-ಹೋಲ್, ಒಂದು ಸಣ್ಣ ಕ್ಯಾಮೆರಾ, ತಾಪಮಾನ ದಾಖಲಿಸುವುದು, ಇಂಥ ಪರದೆ ಬೇಡದ ಕೆಲಸಕ್ಕೆ ಸೂಕ್ತ. ಡೆಸ್ಕ್‌ಟಾಪ್ ಥರ ಬಳಸಲು ಹೋದರೆ ಬ್ರೌಸರ್ ತೆರೆಯುತ್ತಿದ್ದಂತೆ ಉಸಿರು ಕಟ್ಟುತ್ತದೆ. ಎರಡು ಎಚ್ಚರಿಕೆ. ಇದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ. ರೂಟರ್ ಅಥವಾ ಫೋನಿನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಹೆಸರೇ ಕಾಣುವುದಿಲ್ಲ. ಇನ್ನೊಂದು, ಸಾಮಾನ್ಯ ಮಾದರಿಯಲ್ಲಿ ಸೆನ್ಸರ್ ಮುಂತಾದವನ್ನು ಜೋಡಿಸುವ 40 ಪಿನ್‌ಗಳ ಜಾಗದಲ್ಲಿ ಬರೀ ತೂತುಗಳಿರುತ್ತವೆ. ಪಿನ್‌ಗಳನ್ನು ನೀವೇ ಸೋಲ್ಡರ್ ಮಾಡಬೇಕು. ಹೊಸಬರು ಪಿನ್ ಕೂರಿಸಿಯೇ ಬರುವ ಮಾದರಿ ಕೇಳಿ.

ಪೈ 4: 2019ರಲ್ಲಿ ಬಂದದ್ದು. ಇವತ್ತಿಗೂ ಕಲಿಯುವವರಿಗೆ ನನ್ನ ಮೊದಲ ಸಲಹೆ ಇದೇ. ಅಡಾಪ್ಟರ್ ಸುಲಭ, ಬಿಸಿ ಕಡಿಮೆ, ನೆಟ್ಟಿನಲ್ಲಿರುವ ಪಾಠಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತವೆ. ಪೈಥಾನ್, ಸೆನ್ಸರ್, ಹಳೆಯ ಆಟಗಳಿಗೆ 2 ಜಿಬಿ ಸಾಕು. ಬ್ರೌಸರ್ ಜಾಸ್ತಿ ಬಳಸುವುದಾದರೆ 4 ಜಿಬಿ.

ಪೈ 5: 2023ರಲ್ಲಿ ಬಂತು. ದಿನಬಳಕೆಯ ಡೆಸ್ಕ್‌ಟಾಪ್, ವೇಗದ ಎಸ್‌ಎಸ್‌ಡಿ, ಕ್ಯಾಮೆರಾದಿಂದ ವಸ್ತು ಗುರುತಿಸುವ ಎಐ ಪ್ರಯೋಗ, ಇವುಗಳಿಗೆ ಇದನ್ನೇ ತೆಗೆದುಕೊಳ್ಳಿ. ಆದರೆ ಇದರ ಜೊತೆ ಅಡಾಪ್ಟರ್, ಕೂಲರ್, ಕೇಬಲ್ ಎಲ್ಲ ಬೇರೆಯೇ ಬೇಕು. ಆ ಖರ್ಚು ಸೇರಿಸಿಯೇ ಬಜೆಟ್ ಹಾಕಿ. ಇದರಲ್ಲಿ 3.5 ಎಂಎಂ ಹೆಡ್‌ಫೋನ್ ಜಾಕ್ ಇಲ್ಲ. ಹಳೆಯ ಸ್ಪೀಕರಿಗೆ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕಾಗುತ್ತದೆ.

ಮಕ್ಕಳಿಗೆ ಕಂಪ್ಯೂಟರ್ ಥರವೇ ಕೊಡಬೇಕು ಅನ್ನುವ ಅಪ್ಪ ಅಮ್ಮಂದಿರು ಕೀಬೋರ್ಡ್ ಒಳಗೇ ಬೋರ್ಡ್ ಇರುವ ಪೈ 400 ಅಥವಾ ಪೈ 500 ನೋಡಿ. ಬರಿಯ ಬೋರ್ಡ್ ಮೇಲೆ ಮಗು ಲೋಹದ ಕಂಪಾಸ್ ಬೀಳಿಸುವ ಭಯ ಇಲ್ಲ.

ಮೆಮೊರಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಮಾತು ಇಲ್ಲಿ ದುಬಾರಿ. 2025ರ ಕೊನೆಯಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಏರಿ, ಬೋರ್ಡ್‌ಗಳ ಬೆಲೆಯೂ ಏರಿತು. ಸೆನ್ಸರ್ ಓದುವ ಕೆಲಸಕ್ಕೆ 8 ಜಿಬಿ ತೆಗೆದುಕೊಂಡರೆ ಅದರಲ್ಲಿ ಬಹುಪಾಲು ಸುಮ್ನೆ ಖಾಲಿ ಇರುತ್ತದೆ. ಆ ಹಣ ಒಳ್ಳೆಯ ಅಡಾಪ್ಟರಿಗೆ ಹೋಗಲಿ.

ಆರೆಂಜ್ ಪೈ, ಬನಾನಾ ಪೈ, ರಾಡ್‌ಕ್ಸಾ ಮುಂತಾದವು ಅದೇ ದುಡ್ಡಿಗೆ ಹೆಚ್ಚು ಶಕ್ತಿ ಕೊಡುವುದುಂಟು. ಕೊಳ್ಳುವ ಮುಂಚೆ ಆ ಮಾದರಿಯ ಆಪರೇಟಿಂಗ್ ಸಿಸ್ಟಮ್ ಫೈಲ್ ಕೊನೆಯದಾಗಿ ಯಾವಾಗ ಹೊಸದಾಗಿದೆ ನೋಡಿ. ಇಂಥ ಬೋರ್ಡ್‌ಗಳಿಗೆಂದೇ ಇರುವ ಆರ್ಮ್‌ಬಿಯನ್ ಅನ್ನುವ ಲಿನಕ್ಸ್ ಸಿಸ್ಟಮ್‌ನ ಪಟ್ಟಿಯಲ್ಲಿ ಆ ಬೋರ್ಡ್ ಇದೆಯಾ ನೋಡಿ. ಎರಡೂ ಇಲ್ಲದಿದ್ದರೆ ಕೈಬಿಡಿ. ಪಿನ್‌ಗಳ ಜೋಡಣೆಯೂ ಒಂದೇ ಅಂದುಕೊಳ್ಳಬೇಡಿ. ಕೆಲವು ಸಣ್ಣ ಆರೆಂಜ್ ಪೈಗಳಲ್ಲಿ 40 ಬದಲು 26 ಪಿನ್ ಇರುತ್ತವೆ. ಲಿನಕ್ಸ್ ಕಮಾಂಡ್‌ಗಳು ಕೈಗೆ ಬಂದವರಿಗೆ ಇವು ಒಳ್ಳೆಯ ಆಟಿಕೆ. ಮೊದಲ ಬೋರ್ಡ್ ಆಗಿ ಬೇಡ.

ಹಂತ 3: ಅಡಾಪ್ಟರ್. ಇಲ್ಲಿ ಉಳಿತಾಯ ಬೇಡ

ನಾನು ನೋಡಿದ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಶುರುವಾದವು.

ಯಾವುದಕ್ಕೆ ಏನು ಬೇಕು ನೋಡಿ. ಪೈ 5ಕ್ಕೆ 5.1 ವೋಲ್ಟ್, 5 ಆಂಪಿಯರ್ ಕೊಡುವ 27 ವ್ಯಾಟಿನ ಟೈಪ್-ಸಿ ಅಡಾಪ್ಟರ್. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್, ಅದೂ ಟೈಪ್-ಸಿ. ಪೈ 3ಬಿ ಪ್ಲಸ್ ಮತ್ತು ಝೀರೋ 2 ಡಬ್ಲ್ಯೂಗೆ ಮೈಕ್ರೋ ಯುಎಸ್‌ಬಿ, 2.5 ಆಂಪಿಯರ್.

"ನನ್ನ ಫೋನ್ ಚಾರ್ಜರ್ 67 ವ್ಯಾಟ್ ಇದೆ, ಇದಕ್ಕೆ ಸಾಲಲ್ವಾ?" ಅಂತ ಕೇಳುತ್ತಾರೆ. ಸಾಲದೆ ಇರಬಹುದು. ಆ ದೊಡ್ಡ ಸಂಖ್ಯೆ ಬರುವುದು 9, 11, 20 ವೋಲ್ಟ್‌ನಂಥ ಹೆಚ್ಚಿನ ವೋಲ್ಟೇಜಿನಲ್ಲಿ. ಪೈಗೆ ಬೇಕಿರುವುದು 5 ವೋಲ್ಟ್. ಚಾರ್ಜರಿನ ಬೆನ್ನ ಮೇಲಿನ ಸಣ್ಣ ಅಕ್ಷರ ಓದಿ. 5 ವೋಲ್ಟ್ ಪಕ್ಕದಲ್ಲಿ ಸಾಮಾನ್ಯವಾಗಿ 2 ಅಥವಾ 3 ಆಂಪಿಯರ್ ಅಂತಷ್ಟೇ ಇರುತ್ತದೆ.

ಪೈ 5ಕ್ಕೆ 3 ಆಂಪಿಯರಿನ ಚಾರ್ಜರ್ ಹಾಕಿದರೆ ಬೋರ್ಡ್ ಆನ್ ಆಗುತ್ತದೆ. ಆದರೆ ಯುಎಸ್‌ಬಿ ಪೋರ್ಟ್‌ಗಳೆಲ್ಲ ಸೇರಿ 600 ಮಿಲಿಆಂಪಿಯರ್ ಮಾತ್ರ ಕೊಡುತ್ತವೆ. ಸರಿಯಾದ ಅಡಾಪ್ಟರ್ ಇದ್ದರೆ 1.6 ಆಂಪಿಯರ್ ತನಕ ಸಿಗುತ್ತದೆ. ಕೀಬೋರ್ಡ್ ನಡೆಯುತ್ತದೆ, ಹಾರ್ಡ್ ಡಿಸ್ಕ್ ಮಾತ್ರ ಟಿಕ್ ಟಿಕ್ ಅಂದು ನಿಂತುಬಿಡುತ್ತದೆ. ಜನ ಡಿಸ್ಕ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಕೇಬಲ್ ಕೂಡ ಅಷ್ಟೇ ಮುಖ್ಯ. ತೆಳು, ಉದ್ದದ ಕೇಬಲಿನಲ್ಲಿ ವೋಲ್ಟೇಜ್ ದಾರಿಯಲ್ಲೇ ಇಳಿಯುತ್ತದೆ. ಬೋರ್ಡ್ ತಲುಪುವಾಗ 4.63 ವೋಲ್ಟಿಗಿಂತ ಕೆಳಗೆ ಬಂದರೆ ಪೈ ಎಚ್ಚರಿಕೆ ಕೊಡುತ್ತದೆ. ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಅಥವಾ "ಲೋ ವೋಲ್ಟೇಜ್" ಅನ್ನುವ ಸಂದೇಶ ಬರುತ್ತದೆ. ಅದನ್ನು ಕಡೆಗಣಿಸಬೇಡಿ. ಹಾಗೇ ಬಿಟ್ಟರೆ ವೇಗ ಇಳಿಯುತ್ತದೆ, ವೈಫೈ ತಪ್ಪುತ್ತದೆ, ಕೊನೆಗೆ ಕಾರ್ಡಿನ ಮಾಹಿತಿ ಹಾಳಾಗುತ್ತದೆ. ಆದ್ದರಿಂದ ಕೇಬಲ್ ಸೇರಿಕೊಂಡೇ ಬರುವ ಅಧಿಕೃತ ಅಡಾಪ್ಟರ್ ಒಳ್ಳೆಯದು.

ಅಮೆರಿಕ ಅಥವಾ ಇಂಗ್ಲೆಂಡಿನಲ್ಲಿರುವ ನೆಂಟರಿಂದ ಕಿಟ್ ತರಿಸಿಕೊಳ್ಳುವುದಾದರೆ ಪ್ಲಗ್ ನಮ್ಮ ಸಾಕೆಟ್ಟಿಗೆ ಕೂರುವುದಿಲ್ಲ. ಸಡಿಲವಾದ ಕನ್ವರ್ಟರ್ ಪ್ಲಗ್ಗಿನಿಂದಲೂ ಬೋರ್ಡ್ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ. ಬೋರ್ಡ್ ಅಲ್ಲಿಂದ ಬರಲಿ, ಅಡಾಪ್ಟರ್ ಇಲ್ಲೇ ಕೊಳ್ಳಿ.

ಹಂತ 4: ಮೆಮೊರಿ ಕಾರ್ಡ್ ಅಥವಾ ಎಸ್‌ಎಸ್‌ಡಿ

ಮೊದಲ ಬಳಕೆಗೆ 32 ಜಿಬಿ ಮೈಕ್ರೋ ಎಸ್‌ಡಿ ಕಾರ್ಡ್ ಸಾಕು. ಕಾರ್ಡ್ ಮೇಲೆ ಎ1 ಅಥವಾ ಎ2 ಗುರುತು ಇರಲಿ. ಇದು ಸಣ್ಣ ಸಣ್ಣ ಫೈಲುಗಳನ್ನು ಬೇಗ ಓದಿ ಬರೆಯುವ ಗುಣಕ್ಕೆ ಕೊಡುವ ಗುರುತು. ಪೈಗೆ ಬೇಕಿರುವುದೂ ಅದೇ.

ನಕಲಿ ಕಾರ್ಡುಗಳು ತುಂಬ ಇವೆ. ಮೇಲೆ 64 ಜಿಬಿ ಅಂತ ಅಚ್ಚಾಗಿರುತ್ತದೆ, ಒಳಗೆ ಅದರ ಕಾಲು ಭಾಗವೂ ಇರುವುದಿಲ್ಲ. ಕೊಂಡ ದಿನವೇ ಪರೀಕ್ಷಿಸಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಅನ್ನುವ ಉಚಿತ ತಂತ್ರಾಂಶ ಇದೆ. ಕಾರ್ಡಿನ ತುಂಬ ಮಾಹಿತಿ ಬರೆದು, ಮತ್ತೆ ಓದಿ, ಸರಿಯಿದೆಯಾ ಅಂತ ಹೇಳುತ್ತವೆ. ಸಮಯ ಹಿಡಿಯುತ್ತದೆ. ಆದರೂ ಬಿಡಬೇಡಿ.

ಕಾರ್ಡಿಗೆ ಆಪರೇಟಿಂಗ್ ಸಿಸ್ಟಮ್ ಬರೆಯುವ ಕ್ರಮ ಇದು:

1. ಲ್ಯಾಪ್‌ಟಾಪಿನಲ್ಲಿ ರಾಸ್‌ಬೆರಿ ಪೈ ಇಮೇಜರ್ ಅನ್ನುವ ತಂತ್ರಾಂಶ ತೆರೆಯಿರಿ. ಬೋರ್ಡಿನ ಮಾದರಿ, ಸಿಸ್ಟಮ್, ಕಾರ್ಡ್ ಆರಿಸಿ. ಮೂರನೆಯದರಲ್ಲಿ ಎರಡು ಸಲ ನೋಡಿ. ತಪ್ಪಿ ನಿಮ್ಮ ಪೆನ್‌ಡ್ರೈವ್ ಆರಿಸಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.
2. ಸೆಟ್ಟಿಂಗ್ಸ್‌ನಲ್ಲಿ ಬಳಕೆದಾರ ಹೆಸರು, ಪಾಸ್‌ವರ್ಡ್, ವೈಫೈ ಹೆಸರು, ದೇಶ ಭಾರತ ಅಂತ ತುಂಬಿ. ದೇಶ ತುಂಬದಿದ್ದರೆ ವೈಫೈ ಆನ್ ಆಗದೆ ಉಳಿಯಬಹುದು. ಹಳೆಯ ಪಾಠಗಳಲ್ಲಿ ಇರುವ "ಪೈ" ಮತ್ತು "ರಾಸ್‌ಬೆರಿ" ಅನ್ನುವ ಲಾಗಿನ್ 2022ರಿಂದ ಇಲ್ಲ.
3. ಬರೆದಾದ ಮೇಲೆ ಇಮೇಜರ್ ಸರಿಯಿದೆಯಾ ಅಂತ ತಾನೇ ಓದಿ ನೋಡುತ್ತದೆ. ಆತುರಪಟ್ಟು ಅದನ್ನು ನಿಲ್ಲಿಸಬೇಡಿ. ನಕಲಿ ಕಾರ್ಡ್, ಕೆಟ್ಟ ರೀಡರ್ ಇಲ್ಲೇ ಸಿಕ್ಕಿಬೀಳಬಹುದು.
4. ಆಗ ವಿಂಡೋಸ್ "ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳಬಹುದು. ಒಪ್ಪಬೇಡಿ, ಕ್ಯಾನ್ಸಲ್ ಒತ್ತಿ. ಕಾರ್ಡಿನ ಲಿನಕ್ಸ್ ಭಾಗ ವಿಂಡೋಸಿಗೆ ಅರ್ಥವಾಗದೆ ಹಾಗೆ ಕೇಳುತ್ತದೆ. ಇಲ್ಲಿ ಸರಿ ಅಂತ ಒತ್ತಿ, ಖಾಲಿ ಕಾರ್ಡನ್ನು ಬೋರ್ಡಿಗೆ ಹಾಕಿ ಕಾಯುವವರನ್ನು ಎಷ್ಟೋ ಸಲ ನೋಡಿದ್ದೇನೆ.

ಕಿಟ್ ಜೊತೆ ಸಿಸ್ಟಮ್ ತುಂಬಿದ ಕಾರ್ಡ್ ಬಂದಿದ್ದರೂ ಹೊಸದಾಗಿ ಬರೆಯುವುದೇ ಮೇಲು. ಅದರಲ್ಲಿ ಹಳೆಯ ಆವೃತ್ತಿ ಇದ್ದರೆ ಪೈ 5 ಶುರುವೇ ಆಗುವುದಿಲ್ಲ. ಅದಕ್ಕೆ ಬುಕ್‌ವರ್ಮ್ ಅಥವಾ ಅದರ ನಂತರದ ಆವೃತ್ತಿ ಬೇಕು.

ದಿನವಿಡೀ ಬರೆಯುತ್ತಲೇ ಇರುವ ಕೆಲಸಕ್ಕೆ, ಅಂದರೆ ಕ್ಯಾಮೆರಾ ರೆಕಾರ್ಡಿಂಗ್, ಡೇಟಾಬೇಸ್, ಫೋಟೋ ಸರ್ವರ್‌ಗೆ ಎಸ್‌ಎಸ್‌ಡಿ ಹಾಕಿ. ಪೈ 5ರ ಅಧಿಕೃತ ಎಂ.2 ಹ್ಯಾಟ್ (ಬೋರ್ಡ್ ಮೇಲೆ ಕೂರಿಸುವ ಹೆಚ್ಚುವರಿ ಬೋರ್ಡಿಗೆ ಹ್ಯಾಟ್ ಅನ್ನುತ್ತಾರೆ) ಮೇಲೆ 2230 ಮತ್ತು 2242 ಅಳತೆಯವು ಮಾತ್ರ ಕೂರುತ್ತವೆ. ಲ್ಯಾಪ್‌ಟಾಪಿನ ಉದ್ದನೆಯ 2280 ಕೂರುವುದಿಲ್ಲ. ಎನ್‌ವಿಎಂಇ ಅಂತಲೇ ಕೇಳಿ. ನೋಡಲು ಹೆಚ್ಚುಕಡಿಮೆ ಹಾಗೇ ಇರುವ ಎಂ.2 ಸಾಟಾ ಡಿಸ್ಕ್ ಅದರಲ್ಲಿ ನಡೆಯುವುದಿಲ್ಲ.

ಹಂತ 5: ಪರದೆಯ ಕೇಬಲ್

ಪೈ 4 ಮತ್ತು 5ಕ್ಕೆ ಮೈಕ್ರೋ ಎಚ್‌ಡಿಎಂಐ. ಝೀರೋಗೆ ಮಿನಿ ಎಚ್‌ಡಿಎಂಐ. ಪೈ 3ಕ್ಕೆ ದೊಡ್ಡ, ಸಾಮಾನ್ಯ ಎಚ್‌ಡಿಎಂಐ. ಮಿನಿ, ಮೈಕ್ರೋ ಎರಡೂ ಬೇರೆ ಬೇರೆ. ಬಲವಂತವಾಗಿ ಒತ್ತಿದರೆ ಪೋರ್ಟ್ ಕಿತ್ತುಬರುತ್ತದೆ. ಸಣ್ಣ ಕನ್ವರ್ಟರ್ ತುಂಡಿನ ಬದಲು ಒಂದು ತುದಿ ಮೈಕ್ರೋ, ಇನ್ನೊಂದು ತುದಿ ದೊಡ್ಡದು ಇರುವ ಕೇಬಲ್ ಕೊಳ್ಳಿ. ತುಂಡು ಹಾಕಿ ಭಾರದ ಕೇಬಲ್ ಜೋತುಬಿದ್ದರೆ ಪೋರ್ಟ್ ಸಡಿಲವಾಗುತ್ತದೆ.

ಎರಡು ಪೋರ್ಟ್ ಇದ್ದಾಗ ಕರೆಂಟ್ ಪೋರ್ಟಿಗೆ ಹತ್ತಿರ ಇರುವುದಕ್ಕೇ ಚುಚ್ಚಿ.

ಹಂತ 6: ಬಿಸಿ ಮತ್ತು ಕೇಸ್

ಪೈ 5ಕ್ಕೆ ಕೂಲರ್ ಕಡ್ಡಾಯ ಅಂತಲೇ ಇಟ್ಟುಕೊಳ್ಳಿ. 80 ಡಿಗ್ರಿ ದಾಟಿದರೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿ, ರಾಯಚೂರಿನಲ್ಲಿ ಕೋಣೆಯ ಗಾಳಿಯೇ 40 ಡಿಗ್ರಿ ಇರುವಾಗ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಅದು ಅಲ್ಲಿಗೆ ಮುಟ್ಟಲು ಹೆಚ್ಚು ಹೊತ್ತು ಬೇಡ. ಪೈ 4ಕ್ಕೆ ಸಾಮಾನ್ಯ ಕೆಲಸದಲ್ಲಿ ಅಂಟಿಸುವ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಮತ್ತು ಗಾಳಿಯಾಡುವ ಕೇಸ್ ಸಾಕು. ಹೀಟ್‌ಸಿಂಕಿನ ಅಂಟಿನ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯಬೇಡಿ.

ಕೇಸ್ ಕೊಳ್ಳುವಾಗ ಮಾದರಿಯ ಸಂಖ್ಯೆ ನೋಡಿ. ಪೈ 4ರ ಕೇಸ್ ಪೈ 5ಕ್ಕೆ ಆಗುವುದಿಲ್ಲ, ಪೈ 3ರದು ಪೈ 4ಕ್ಕೆ ಆಗುವುದಿಲ್ಲ. ಯುಎಸ್‌ಬಿ ಮತ್ತು ನೆಟ್‌ವರ್ಕ್ ಪೋರ್ಟ್‌ಗಳ ಜಾಗ ಅದಲುಬದಲಾಗಿದೆ. ಲೋಹದ ಕೇಸ್ ಬಿಸಿ ಹೀರಲು ಚೆನ್ನ, ಆದರೆ ವೈಫೈ ಸಿಗ್ನಲ್ ಕುಗ್ಗಬಹುದು. ಬೋರ್ಡ್ ಮೇಲೆ ಹ್ಯಾಟ್ ಕೂರಿಸುವ ಯೋಚನೆ ಇದ್ದರೆ ಕೂಲರಿನ ಎತ್ತರ ಲೆಕ್ಕ ಹಾಕಿ. ಉದ್ದದ ಪಿನ್ ಹೆಡರ್ ಮತ್ತು ಎತ್ತರದ ಸ್ಪೇಸರ್ ಬೇಕಾಗಬಹುದು.

ಹಂತ 7: ಸೆನ್ಸರ್, ರಿಲೇ, ಮೋಟರ್

ಬೋರ್ಡ್ ನಿಜವಾಗಿ ಸುಡುವುದು ಈ ಹಂತದಲ್ಲಿ. ಒಂದೇ ನಿಯಮ ಮನಸ್ಸಿನಲ್ಲಿ ಗಟ್ಟಿಯಾಗಿರಲಿ: ಪೈನ ಜಿಪಿಐಒ ಪಿನ್‌ಗಳು, ಅಂದರೆ ಸೆನ್ಸರ್ ಮುಂತಾದವನ್ನು ಜೋಡಿಸುವ ಪಿನ್‌ಗಳು, 3.3 ವೋಲ್ಟಿನವು. ಅವುಗಳಿಗೆ 5 ವೋಲ್ಟ್ ಸೋಕಬಾರದು.

ಇದು ಗೊತ್ತಿದ್ದೂ ತಪ್ಪುವುದು ಹೇಗೆ? ಆರ್ಡುಯಿನೋ ಊನೋ 5 ವೋಲ್ಟಿನ ಮೈಕ್ರೋಕಂಟ್ರೋಲರ್ ಬೋರ್ಡ್. ಅಗ್ಗದ ಸೆನ್ಸರ್‌ಗಳಲ್ಲಿ ಬಹಳಷ್ಟು ಅದಕ್ಕೆ ಹೊಂದುವಂತೆ ಬಂದಿವೆ. ಉದಾಹರಣೆಗೆ ದೂರ ಅಳೆಯುವ ಎಚ್‌ಸಿ-ಎಸ್‌ಆರ್04. ಅದರ ಎಕೋ ಪಿನ್ 5 ವೋಲ್ಟ್ ಹೊರಗೆ ಕಳಿಸುತ್ತದೆ. ನಡುವೆ ಎರಡು ರೆಸಿಸ್ಟರ್ ಹಾಕಬೇಕು. ಎಕೋದಿಂದ ಜಿಪಿಐಒಗೆ 1 ಕಿಲೋಓಮ್, ಜಿಪಿಐಒದಿಂದ ಗ್ರೌಂಡಿಗೆ 2 ಕಿಲೋಓಮ್. ಆಗ ಪಿನ್ನಿಗೆ ಸಿಗುವುದು ಸುಮಾರು 3.3 ವೋಲ್ಟ್. ಚುಚ್ಚುವ ಮುಂಚೆ ಮಲ್ಟಿಮೀಟರಿನಲ್ಲಿ ಎರಡೂ ರೆಸಿಸ್ಟರ್ ಅಳೆದುಕೊಳ್ಳಿ. ಅದಲುಬದಲಾದರೆ ಲೆಕ್ಕ ತಪ್ಪುತ್ತದೆ.

ಮಾರುಕಟ್ಟೆಯಲ್ಲಿ "37 ಸೆನ್ಸರ್" ಡಬ್ಬಿಗಳು ಸಿಗುತ್ತವೆ. ಅವುಗಳಲ್ಲಿ ಹಲವು ಅನಲಾಗ್ ಸೆನ್ಸರ್. ಮಣ್ಣಿನ ತೇವದ ಸೆನ್ಸರ್ ಸಾಮಾನ್ಯವಾಗಿ ಅದೇ ಜಾತಿ. ಪೈಗೆ ನೇರವಾಗಿ ಜೋಡಿಸಿದರೆ ಅಳತೆ ಬರುವುದಿಲ್ಲ. ಏರಿಳಿಯುವ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಎಂಸಿಪಿ3008 ಅನ್ನುವ ಚಿಪ್ ನಡುವೆ ಬೇಕು, ಇಲ್ಲವೇ ಆ ಕೆಲಸ ಪಿಕೋಗೆ ಕೊಡಿ. ಹೊಸಬರು ತಾಪಮಾನಕ್ಕೆ ಡಿಎಸ್18ಬಿ20 ಮತ್ತು ಅದರ ಜೊತೆ ಒಂದು 4.7 ಕಿಲೋಓಮ್ ರೆಸಿಸ್ಟರ್, ನಾಲ್ಕು ಎಲ್‌ಇಡಿ, 330 ಓಮ್ ರೆಸಿಸ್ಟರ್‌ಗಳು, ಎರಡು ಬಟನ್, ಬ್ರೆಡ್‌ಬೋರ್ಡ್ (ಸೋಲ್ಡರ್ ಮಾಡದೆ ವೈರ್ ಚುಚ್ಚುವ ತೂತುಗಳ ಹಲಗೆ), ಜಂಪರ್ ವೈರ್, ಇಷ್ಟರಿಂದ ಶುರು ಮಾಡಿ. ಜಂಪರ್ ವೈರಿನಲ್ಲಿ ಒಂದು ತುದಿ ತೂತು, ಇನ್ನೊಂದು ತುದಿ ಪಿನ್ ಇರುವುದು ಬೇಕು. ಎರಡೂ ಕಡೆ ಪಿನ್ ಇರುವುದು ಪೈ ಮೇಲೆ ಕೂರುವುದಿಲ್ಲ.

ಮೋಟರನ್ನು ಎಂದೂ ಜಿಪಿಐಒ ಪಿನ್ನಿಗೆ ನೇರವಾಗಿ ಕಟ್ಟಬೇಡಿ. ಒಂದು ಪಿನ್ ಹೆಚ್ಚೆಂದರೆ 16 ಮಿಲಿಆಂಪಿಯರ್ ಕೊಡುತ್ತದೆ. ಆಟಿಕೆಯ ಮೋಟರೂ ಅದಕ್ಕಿಂತ ಎಷ್ಟೋ ಪಟ್ಟು ಎಳೆಯುತ್ತದೆ. ನಡುವೆ ಎಲ್298ಎನ್ ಅಥವಾ ಟಿಬಿ6612ರಂಥ ಮೋಟರ್ ಡ್ರೈವರ್ ಬೇಕು, ಮೋಟರಿಗೆ ಬೇರೆಯೇ ಬ್ಯಾಟರಿ ಬೇಕು, ಪೈ ಮತ್ತು ಬ್ಯಾಟರಿಯ ಗ್ರೌಂಡ್ ಒಂದಕ್ಕೊಂದು ಸೇರಿರಬೇಕು. ರಿಲೇ (ಸಣ್ಣ ಸಿಗ್ನಲ್‌ನಿಂದ ಆನ್ ಆಫ್ ಆಗುವ ಸ್ವಿಚ್) ಕೊಳ್ಳುವಾಗ "3.3 ವೋಲ್ಟ್ ಟ್ರಿಗರ್ ಆಗುತ್ತಾ?" ಅಂತ ಕೇಳಿ. ಕೆಲವು 5 ವೋಲ್ಟ್ ರಿಲೇಗಳು 3.3 ವೋಲ್ಟನ್ನು ಪೂರ್ತಿ ಗುರುತಿಸದೆ ಆಫ್ ಆಗದೇ ಉಳಿಯುತ್ತವೆ.

ತೋಟದ ಬೋರ್‌ವೆಲ್ ಮೋಟರನ್ನು ಫೋನಿಂದ ಆನ್ ಮಾಡುವ ಆಸೆ ತುಂಬ ರೈತರಿಗೆ ಇದೆ. ಅದು ಸಾಧ್ಯ. ಆದರೆ ಅಂಗೈಯಷ್ಟು ರಿಲೇ ಮಾಡ್ಯೂಲ್ ಮೂಲಕ ಮೂರು ಫೇಸ್ ಪಂಪನ್ನು ನಡೆಸಬೇಡಿ. ರಿಲೇ ಸ್ಟಾರ್ಟರಿನ ಕಾಂಟ್ಯಾಕ್ಟರ್ (ಪಂಪಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಕಾಯಿಲನ್ನಷ್ಟೇ ಎಳೆಯಬೇಕು. ಆ ವೈರಿಂಗ್ ಎಲೆಕ್ಟ್ರಿಷಿಯನ್ ಮಾಡಲಿ. 230 ವೋಲ್ಟ್ ಇರುವ ಕಡೆ ಬ್ರೆಡ್‌ಬೋರ್ಡ್ ಬಳಸಲೇಬೇಡಿ. ಇದು ಜೀವದ ವಿಷಯ.

ಪೈ 5ರವರಿಗೆ ಎರಡು ಮಾತು. ಹಳೆಯ ಪಾಠಗಳ ಆರ್‌ಪಿಐ ಜಿಪಿಐಒ ಲೈಬ್ರರಿ ಇದರಲ್ಲಿ ನಡೆಯುವುದಿಲ್ಲ. ಪಿನ್‌ಗಳನ್ನು ನೋಡಿಕೊಳ್ಳುವ ಚಿಪ್ಪೇ ಬೇರೆ. ಬದಲಿಗೆ ಜಿಪಿಐಒ ಝೀರೋ ಅನ್ನುವ ಲೈಬ್ರರಿ ಬಳಸಿ. ಕ್ಯಾಮೆರಾದ ಪಟ್ಟಿ ಕೇಬಲ್ ಕೂಡ ಬೇರೆ. ಪೈ 4ರದು 15 ಪಿನ್, ಪೈ 5 ಮತ್ತು ಝೀರೋದ್ದು 22 ಪಿನ್. ಕ್ಯಾಮೆರಾ ಡಬ್ಬಿಯಲ್ಲಿ ಯಾವುದಿದೆ ನೋಡಿ, ಬೇಕಾದರೆ ಬೇರೆ ಕೊಳ್ಳಿ.

ಹಂತ 8: ಕಿಟ್ಟಾ, ಬಿಡಿಯಾಗಾ?

ಮೊದಲ ಸಲ ಕೊಳ್ಳುವವರಿಗೆ ಬೋರ್ಡ್, ಅಧಿಕೃತ ಅಡಾಪ್ಟರ್, ಕಾರ್ಡ್, ಎಚ್‌ಡಿಎಂಐ ಕೇಬಲ್, ಕೇಸ್ ಇಷ್ಟೇ ಇರುವ ಸಣ್ಣ ಕಿಟ್ ಒಳ್ಳೆಯದು. ಒಂದಕ್ಕೊಂದು ಹೊಂದುತ್ತವೆ. ಕಿಟ್ ಪಟ್ಟಿಯಲ್ಲಿ ಅಡಾಪ್ಟರಿನ ಆಂಪಿಯರ್, ಕಾರ್ಡಿನ ಹೆಸರು ಬರೆದಿಲ್ಲ ಅಂದರೆ ಅದೇ ಮೊದಲ ಎಚ್ಚರಿಕೆಯ ಗುರುತು. ಬೋರ್ಡ್ ಅಸಲಿ, ಉಳಿದದ್ದು ಅಗ್ಗದ ಮಾಲು, ಹೀಗೆ ಕಟ್ಟಿದ ಕಿಟ್‌ಗಳು ಬಹಳ.

ಈಗಾಗಲೇ ಒಂದು ಬೋರ್ಡ್ ಬಳಸಿ ಗೊತ್ತಿದ್ದರೆ ಬಿಡಿಯಾಗಿ ಕೊಳ್ಳಿ. ಬೋರ್ಡ್ ಮತ್ತು ಅಡಾಪ್ಟರನ್ನು ರಾಸ್‌ಬೆರಿ ಪೈ ತಾಣದಲ್ಲಿ ಪಟ್ಟಿಯಾದ ಅಧಿಕೃತ ಮಾರಾಟಗಾರರಿಂದ ತರಿಸಿ. ವೈರ್, ರೆಸಿಸ್ಟರ್, ಸ್ಪೇಸರ್, ಬ್ರೆಡ್‌ಬೋರ್ಡ್ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ಬಿಲ್ ಕೇಳಿ ತೆಗೆದುಕೊಳ್ಳಿ.

ಹಂತ 9: ಬಂದ ದಿನವೇ ಪರೀಕ್ಷೆ

ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಇದು ಮುಗಿಯಬೇಕು. "ರಜೆಯಲ್ಲಿ ನೋಡೋಣ" ಅಂತ ಎತ್ತಿಡಬೇಡಿ. ಬೋರ್ಡನ್ನು ಅಂಚಿನಲ್ಲಿ ಹಿಡಿದು, ಒಣಗಿದ ಮರದ ಮೇಜು ಅಥವಾ ರಟ್ಟಿನ ಮೇಲೆ ಇಡಿ. ಅದು ಬಂದ ಬೆಳ್ಳಿ ಬಣ್ಣದ ಕವರಿನ ಮೇಲಿಟ್ಟು ಆನ್ ಮಾಡಬೇಡಿ. ಆ ಕವರ್ ವಿದ್ಯುತ್ ಹರಿಸಬಲ್ಲದು.

1. ಮೊದಲು ಕಾರ್ಡ್ ಹಾಕದೆ, ಮಾನಿಟರ್ ಜೋಡಿಸಿ, ಕೊನೆಗೆ ಕರೆಂಟ್ ಕೊಡಿ. ಪೈ 4 ಮತ್ತು 5ರಲ್ಲಿ ಕಾರ್ಡ್ ಇಲ್ಲದಿದ್ದರೂ ಬೋರ್ಡೇ ಒಂದು ಮಾಹಿತಿಯ ಪರದೆ ತೋರಿಸುತ್ತದೆ. ಅದು ಕಂಡರೆ ಬೋರ್ಡ್, ಕೇಬಲ್, ಮಾನಿಟರ್ ಮೂರೂ ಸರಿ. ಮುಂದೆ ಸಿಸ್ಟಮ್ ಶುರುವಾಗದಿದ್ದರೆ ಅದು ಬಹುತೇಕ ಕಾರ್ಡಿನ ತೊಂದರೆ. ಈ ಒಂದು ಪರೀಕ್ಷೆ ಅರ್ಧ ದಿನದ ಪರದಾಟ ಉಳಿಸುತ್ತದೆ.
2. ಕರೆಂಟ್ ತೆಗೆದು, ಕಾರ್ಡ್, ಕೀಬೋರ್ಡ್, ಮೌಸ್ ಹಾಕಿ, ಮತ್ತೆ ಕರೆಂಟ್ ಕೊಡಿ. ಮೊದಲ ಸಲ ತಾನೇ ರೀಸ್ಟಾರ್ಟ್ ಆಗಬಹುದು. ಗಾಬರಿಯಾಗಿ ಪ್ಲಗ್ ಕೀಳಬೇಡಿ.
3. ಎಲ್ಲ ಯುಎಸ್‌ಬಿ ಪೋರ್ಟ್, ವೈಫೈ, ನೆಟ್‌ವರ್ಕ್ ಪೋರ್ಟ್ ಒಂದೊಂದಾಗಿ ನೋಡಿ.
4. ಒಂದು ಗಂಟೆ ವಿಡಿಯೋ ಓಡಿಸಿ. ಮಿಂಚಿನ ಗುರುತು, ತಾಪಮಾನ ಗಮನಿಸಿ.
5. ಟರ್ಮಿನಲ್‌ನಲ್ಲಿ "ಪಿನ್‌ಔಟ್" ಕಮಾಂಡ್ ಕೊಟ್ಟರೆ ಪಿನ್‌ಗಳ ನಕ್ಷೆ ಬರುತ್ತದೆ. ಅದರ ಫೋಟೋ ಫೋನಿನಲ್ಲಿರಲಿ.
6. ಇಷ್ಟಾದ ಮೇಲೆ ಬೋರ್ಡ್ ಆಫ್ ಮಾಡಿ, ಮೊದಲ ಎಲ್‌ಇಡಿ ಜೋಡಿಸಿ. ವೈರ್ ಬದಲಿಸುವಾಗೆಲ್ಲ ಆಫ್ ಇರಲಿ.

ಕನ್ನಡ ಅಕ್ಷರಗಳು ಡಬ್ಬಿ ಡಬ್ಬಿಯಾಗಿ ಕಂಡರೆ ಏನೂ ಕೆಟ್ಟಿಲ್ಲ. ಫಾಂಟ್ ಇಲ್ಲ, ಅಷ್ಟೇ. ಲೋಹಿತ್ ಅಥವಾ ನೋಟೋ ಕನ್ನಡ ಫಾಂಟ್ ಇನ್‌ಸ್ಟಾಲ್ ಮಾಡಿ.

ಹಂತ 10: ಕರೆಂಟ್ ಹೋಗುವ ಊರಿಗೆ ತಯಾರಿ

ನಮ್ಮಲ್ಲಿ ಇದನ್ನು ಬಿಟ್ಟರೆ ಕಿಟ್ ಪೂರ್ತಿಯಾಗುವುದಿಲ್ಲ. ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಸಿಸ್ಟಮ್ ಕೆಡಬಹುದು. ಶಟ್‌ಡೌನ್ ಮಾಡದೆ ಪ್ಲಗ್ ಕಿತ್ತರೂ ಅದೇ ಕಥೆ.

ಪೈಗೆಂದೇ ಮಾಡಿದ ಯುಪಿಎಸ್ ಹ್ಯಾಟ್ ಕೊಳ್ಳಬಹುದು. ನಿಮ್ಮ ಬೋರ್ಡಿಗೆ ಬೇಕಾದಷ್ಟು ಆಂಪಿಯರ್ ಕೊಡುತ್ತಾ, ಬ್ಯಾಟರಿ ಇಳಿದಾಗ ಬೋರ್ಡನ್ನು ತಾನೇ ಶಟ್‌ಡೌನ್ ಮಾಡಿಸುತ್ತಾ ನೋಡಿ. ಅದಕ್ಕೆ ಹಾಕುವ 18650 ಬ್ಯಾಟರಿ ಒಳ್ಳೆಯ ಹೆಸರಿನದೇ ಇರಲಿ. ರೂಟರಿಗೆ ಬಳಸುವ ಮಿನಿ ಯುಪಿಎಸ್ ಮನೆಯಲ್ಲಿದ್ದರೆ ಅದರ 12 ವೋಲ್ಟ್ ತುದಿಯನ್ನು ಪೈಗೆ ಹೊಂದಿಸಲು ಹೋಗಬೇಡಿ. ಬೋರ್ಡ್ ಅಲ್ಲಿಗೇ ಮುಗಿಯುತ್ತದೆ.

ಸೆನ್ಸರ್ ಓದಿ ಇಂಟರ್ನೆಟ್ಟಿಗೆ ಕಳಿಸುವುದಷ್ಟೇ ಕೆಲಸವಾದರೆ ಯುಪಿಎಸ್ ಇಲ್ಲದೆಯೂ ದಾರಿ ಇದೆ. ಕಾನ್ಫಿಗರೇಷನ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ. ಆಗ ಕಾರ್ಡಿಗೆ ಏನೂ ಬರೆಯುವುದಿಲ್ಲ, ಕರೆಂಟ್ ಹೋದರೂ ಕೆಡುವುದಿಲ್ಲ.

ಗಡಿಯಾರದ ವಿಷಯವೂ ಇದೆ. ಪೈ 4 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಗಡಿಯಾರದ ಚಿಪ್ ಇಲ್ಲ. ಇಂಟರ್ನೆಟ್ ಇಲ್ಲದ ತೋಟದ ಮನೆಯಲ್ಲಿ ಕರೆಂಟ್ ಹೋಗಿ ಬಂದರೆ ಸಮಯ ತಪ್ಪುತ್ತದೆ, ಬೆಳಗ್ಗೆ ಆರಕ್ಕೆ ಬಿಡಬೇಕಾದ ನೀರು ಮತ್ಯಾವಾಗಲೋ ಹರಿಯುತ್ತದೆ. ಡಿಎಸ್3231 ಅನ್ನುವ ಗಡಿಯಾರದ ಮಾಡ್ಯೂಲ್ ಸೇರಿಸಿ. ಪೈ 5ರಲ್ಲಿ ಚಿಪ್ ಇದೆ, ಅದರ ಸಣ್ಣ ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು.

ಎಲ್ಲವೂ ನಿಮಗೆ ಬೇಕಾದಂತೆ ನಡೆಯತೊಡಗಿದ ದಿನ, ಬೋರ್ಡ್ ಆಫ್ ಮಾಡಿ ಕಾರ್ಡ್ ಹೊರತೆಗೆದು, ಅದರ ಪೂರ್ತಿ ನಕಲನ್ನು ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳಿ. ಅದನ್ನೇ ಇನ್ನೊಂದು ಕಾರ್ಡಿಗೆ ಬರೆದು, ಒಮ್ಮೆ ಹಾಕಿ ಶುರುವಾಗುತ್ತಾ ನೋಡಿ, ದಿನಾಂಕ ಬರೆದ ಚೀಟಿ ಅಂಟಿಸಿ ಕೇಸಿನ ಪಕ್ಕದಲ್ಲೇ ಇಡಿ.